ಜೇವರ್ಗಿ ಬಸ್ಸಿನ ಎಡ ಕಿಟಕಿ

ಅರವತ್ತು ತುಂಬಿದ ದಿನ ತಂಗಿಯ ಮಗಳು ತರಿಸಿಕೊಟ್ಟಳು
ಬೆರಳುದ್ದದ ಬಾಟಲಿ, ಒಳಗೆ ನೀರಿಗಿಂತ ತುಸು ಮಂದ.
"ಪೆಪ್ಟೈಡ್ ಸೀರಂ ಅದ ದೊಡ್ಡವ್ವ, ಸುಕ್ಕು ಹೋಗ್ತಾವ."
ಬೆಲೆ ಕೇಳಲಿಲ್ಲ. ಡಬ್ಬಿಯೇ ಹೇಳಿತು:
ಹದಿನೈದು ಕಿಲೋ ತೊಗರಿಬೇಳೆ.

ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು,
ಹಚ್ಚುವ ಮೊದಲು ಓದುವ ಚಟ.
ನೂರರಲ್ಲಿ ತೊಂಬತ್ಮೂರು ಹೆಂಗಸರಿಗೆ ಗುಣ, ಎಂದಿತ್ತು.
ಪಕ್ಕದಲ್ಲೊಂದು ನಕ್ಷತ್ರ.
ನಕ್ಷತ್ರದ ಜಾಡು ಹಿಡಿದು ತಳಕ್ಕಿಳಿದರೆ
ಇರುವೆ ಸಾಲಿನಂಥ ಅಕ್ಷರ:
ಹೆಂಗಸರು ಇಪ್ಪತ್ತೊಂಬತ್ತು, ವಾರ ಎಂಟು,
ಅಳತೆ, ಅವರವರ ಅನಿಸಿಕೆ.
ಗುಣ ಕಾಣದ ಆ ಇಬ್ಬರು ಯಾರೋ,
ಕೂತು ಚಹಾ ಕುಡಿಯಬೇಕೆನಿಸಿತು ಅವರ ಜೊತೆ.

ಚರ್ಮದೊಳಗಿನ ಹುರಿ ಹರಿದಾಗ ಉದುರುವ ಚೂರು
ಆಳದ ಕೋಶಕ್ಕೆ ಕೂಗಿ ಹೇಳುತ್ತದಂತೆ:
ಇಲ್ಲಿ ಗೋಡೆ ಬಿದ್ದಿದೆ, ಬಂದು ಕಟ್ಟು.
ಬಾಟಲಿಯಲ್ಲಿರುವುದು ಆ ಚೂರಿನ ವೇಷ,
ಬಾಗಿಲು ದಾಟಲೆಂದು ಅಂಟಿಸಿದ ಎಣ್ಣೆಯ ಬಾಲ.
ಗಾಜಿನ ತಟ್ಟೆಯಲ್ಲಿ ಕೋಶಗಳು ಓಗೊಟ್ಟಿವೆ, ಖರೆ.
ನನ್ನ ಕೆನ್ನೆ ಗಾಜಿನ ತಟ್ಟೆಯಲ್ಲ.
ಹೊರಗಿನದನ್ನು ಹೊರಗೇ ನಿಲ್ಲಿಸುವುದು
ಚರ್ಮದ ಹುಟ್ಟು ಕಸುಬು.

ಅರ್ಧ ಮುಖದ ಲೆಕ್ಕ ಹಾಕಿದೆ.
ಎಡಕ್ಕೆ ಸೀರಂ, ಬಲಕ್ಕೆ ಬರೀ ಗ್ಲಿಸರಿನ್,
ಹನ್ನೆರಡು ವಾರ, ಹಳೆಯ ಹಾಜರಿ ಪುಸ್ತಕದಲ್ಲಿ ಗುರುತು.
ಬಾಟಲಿ ಫ್ರಿಜ್ಜಿನಲ್ಲಿ, ಶೇಂಗಾ ಹಿಂಡಿಯ ಪಕ್ಕ.
(ಕೊರಿಯರ್ ಹುಡುಗನ ಚೀಲದಲ್ಲಿ ಅದು
ಕಲಬುರಗಿಯ ಮೇ ತಿಂಗಳು ಎಷ್ಟು ಉಂಡಿತ್ತೋ!)

ಕನ್ನಡಿ ಸಾಕ್ಷಿಯಾಗಲಾರದು, ಅದು ನನ್ನ ಪಕ್ಷ.
ಸೂಪರ್ ಮಾರ್ಕೆಟ್ ಹಿಂದಿನ ಸ್ಟುಡಿಯೋಕ್ಕೆ ಹೋದೆ.
ಮಶಾಕ್ ಪಟೇಲರಿಗೆ ಯಾವ ಕಡೆ ಏನೆಂದು ಹೇಳಲಿಲ್ಲ.
ಅದೇ ಸ್ಟೂಲು, ಅದೇ ದೀಪ, ಅದೇ ನೀಲಿ ಪರದೆ,
ನಾಲ್ಕು ವಾರಕ್ಕೊಮ್ಮೆ ಪಾಸ್‌ಪೋರ್ಟ್ ಫೋಟೋ.
"ಫಾರಿನ್ ಹೊಂಟೀರೇನ್ರೀ ಮೇಡಂ?"

ಮೊದಲ ಫೋಟೋದಲ್ಲೇ ತೊಡಕು.
ಎಡಗಣ್ಣಿನ ಬದಿ ಇಸ್ತ್ರಿ ಕಾಣದ ಸೆರಗು;
ಬಲಗಡೆ ಬೇರೆಯೇ ಹೆಂಗಸು, ಐದಾರು ವರ್ಷ ಸಣ್ಣವಳು.
ನಡುರಾತ್ರಿ ಹೊಳೆಯಿತು.
ಹತ್ತೊಂಬತ್ತು ವರ್ಷ ಜೇವರ್ಗಿಯ ಶಾಲೆ:
ಬೆಳಿಗ್ಗೆ ತೆಂಕಣಕ್ಕೆ ಹೊರಟರೆ ಮೂಡಣ ಎಡಕ್ಕೆ,
ಸಂಜೆ ಬಡಗಣಕ್ಕೆ ತಿರುಗಿದರೆ ಪಡುವಣವೂ ಎಡಕ್ಕೆ,
ನನಗೋ ಯಾವಾಗಲೂ ಎಡ ಕಿಟಕಿಯೇ ಬೇಕು,
ಭೀಮಾ ಸೇತುವೆಯ ಮೇಲೆ ಗಾಳಿ ಬರುತ್ತದೆಂದು.
ಯಾರೂ ಬರೆದಿಡದ ಪ್ರಯೋಗ ಅದು,
ರೊಕ್ಕ ಕೊಟ್ಟವರಿಲ್ಲ, ನಕ್ಷತ್ರವಿಲ್ಲ,
ಫಲಿತಾಂಶ ಮಾತ್ರ ಮುಖದ ಮೇಲಿದೆ.

ಹನ್ನೆರಡನೇ ವಾರ. ನಾಲ್ಕೂ ಫೋಟೋ ಮೇಜಿನ ಮೇಲೆ.
ಎಡಗಡೆ, ಅಯ್ಯೋ ನನ್ನವ್ವ, ಎಡಗಡೆ ತಿಳಿಯಾಗಿತ್ತು!
ಒಂದು ಗಳಿಗೆ ನಾನು ಆ ಇಪ್ಪತ್ತೇಳರಲ್ಲಿ ಒಬ್ಬಳು.
"ಪಟೇಲ್ರೇ, ಇದ್ದದ್ದು ಇದ್ದಂಗೇ ತಗದೀರೇನ್ರೀ?"
ಅವರು ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
"ಸುಳ್ಳ್ಯಾಕ ಹೇಳ್ಲಿ. ಕಡೀ ಎರಡರಾಗ
ಈ ಬಾಜೂ ಗೆರಿ ಸ್ವಲ್ಪ ಅಳಿಸೀನ್ರಿ.
ಪದೇ ಪದೇ ಬರ್ಲಿಕ್ಕತ್ತೀರಿ, ಮನಸ್ಸಿಗಿ ಏನೋ ಹತ್ಯದ ಅನಿಸ್ತು.
ರೊಕ್ಕ ಹೆಚ್ಚಿಗಿ ಹಿಡದಿಲ್ರಿ."

ಬೈಯಲು ಬಾಯಿ ಬರಲಿಲ್ಲ.
ಹಾಜರಿ ಪುಸ್ತಕದಲ್ಲಿ ಬರೆದೆ:
ಫೋಟೋ ಮೂರು, ನಾಲ್ಕು, ಮರುಕದಿಂದ ಕೆಟ್ಟಿವೆ.
ಬೆರಳಿಗೆ ಎರಡೂ ಕೆನ್ನೆ ಒಂದೇ ಮೆದು.
ಗ್ಲಿಸರಿನ್ ಬೆಲೆ ಅರವತ್ತು ರೂಪಾಯಿ.
ಪೆಪ್ಟೈಡ್ ಸುಳ್ಳೆಂದು ಬರೆಯಲಿಲ್ಲ. ಗೊತ್ತಿಲ್ಲ ಎಂದು ಬರೆದೆ,
ಗೊತ್ತಿಲ್ಲ ಎಂಬುದಕ್ಕೆ ಕೆಂಪು ಶಾಯಿಯ ಅಡಿಗೆರೆ.
ಬಾಟಲಿಯಲ್ಲಿ ಇನ್ನೂ ಒಂದು ಬೆರಳು ಉಳಿದಿದೆ.
ಚೆಲ್ಲಿಲ್ಲ.

ಮೊನ್ನೆ ಭಾಗ್ಯವಂತಿಯ ಫೋನು:
ಬ್ಯಾಂಕಿನವರು ಜೇವರ್ಗಿಗೆ ಹಾಕ್ಯಾರಂತೆ, ದಿನಾ ಬಸ್ಸು.
"ಸೀರಂ ಹೆಂಗದ ದೊಡ್ಡವ್ವ, ನಾನೂ ಒಂದು ತರಿಸ್ಲೇನು?"
ಸ್ವಲ್ಪ ಹೊತ್ತು ಸುಮ್ಮನಿದ್ದೆ.
"ಬಲಗಡೆ ಕೂಡು," ಅಂದೆ.
"ಗಾಳಿ ಅಲ್ಲೂ ಬರ್ತದ."